ಎಡತೋಳಿನ ಗುರುತು

ಹೆರಿಗೆ ವಾರ್ಡಿನಿಂದ ಮಗುವನ್ನು ಮನೆಗೆ ಕಳಿಸುವ ಮುನ್ನ ದಾದಿ ಅದರ ಎಡತೋಳನ್ನು ಹಿಡಿದು, ಚರ್ಮವನ್ನು ಬೆರಳಲ್ಲಿ ಬಿಗಿಮಾಡಿ, ಸೂಜಿಯನ್ನು ಹೆಚ್ಚುಕಡಿಮೆ ಮಲಗಿಸಿಯೇ ಒಳಗೆ ಸರಿಸುತ್ತಾಳೆ. ಒಳಹೋಗುವುದು 0.05 ಮಿಲಿಲೀಟರ್ ಮದ್ದು, ಒಂದು ಹನಿಯಷ್ಟು. ಅದು ಸರಿಯಾಗಿ ಚರ್ಮದ ಪದರದೊಳಗೇ ಬಿದ್ದಿದ್ದರೆ ಉದ್ದಿನಕಾಳಿನ ಗಾತ್ರದ ಬಿಳಿ ಉಬ್ಬು ಎದ್ದು ಸ್ವಲ್ಪ ಹೊತ್ತಿನಲ್ಲಿ ಅಡಗುತ್ತದೆ. ಮನೆಯವರು ಮರೆತುಬಿಡುತ್ತಾರೆ. ಕೆಲವು ವಾರ ಕಳೆದು ಅದೇ ಜಾಗದಲ್ಲಿ ಕೆಂಪು ಗುಳ್ಳೆ ಎದ್ದು, ಬಲಿತು, ಒಡೆದು ಕೀವು ಬಂದಾಗ ಗಾಬರಿ ಶುರು. ಅಜ್ಜಿ ಅರಿಸಿನ, ಕೊಬ್ಬರಿ ಎಣ್ಣೆ ತರುತ್ತಾಳೆ; ಆಶಾ ಕಾರ್ಯಕರ್ತೆ ಬೇಡವೆನ್ನುತ್ತಾಳೆ. ಏನೂ ಹಚ್ಚಬಾರದು, ಹಿಸುಕಬಾರದು, ತಾನಾಗಿ ಒಣಗಬೇಕು. ಒಣಗಿದ ಮೇಲೆ ಉಳಿಯುವುದು ಅರ್ಧ ಸೆಂಟಿಮೀಟರಿನಷ್ಟು ಅಗಲದ, ತುಸು ಕುಳಿಬಿದ್ದ ಒಂದು ಗುರುತು.

ತಾಯಿ ಕಾರ್ಡಿನಲ್ಲಿ ಅದರ ಹೆಸರು ಬಿಸಿಜಿ. ಯಾಕೆ ಹಾಕಿಸಿದ್ದು ಎಂದು ಕೇಳಿದರೆ ಬರುವ ಉತ್ತರ ಒಂದೇ: ಮಗುವಿಗೆ ಕ್ಷಯ ಬಾರದಿರಲಿ ಅಂತ. ಉತ್ತರ ಸರಿ, ಆದರೆ ಅರ್ಧ. ಕುಷ್ಠರೋಗದಿಂದ ಮಕ್ಕಳನ್ನು ಕಾಯಲು ಇವತ್ತಿಗೂ ಜಗತ್ತಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಲಸಿಕೆ ಇದೊಂದೇ. ಈ ಎರಡನೆಯ ಕೆಲಸಕ್ಕೆಂದು ಅದನ್ನು ಯಾರೂ ತಯಾರಿಸಿರಲಿಲ್ಲ. ಅದು ಆ ಕೆಲಸವನ್ನೂ ಮಾಡುತ್ತದೆ ಎಂದು ತಿಳಿದುಕೊಳ್ಳಲು ಅರ್ಜೆಂಟೀನಾ, ಉಗಾಂಡಾ, ಬರ್ಮಾ, ತಮಿಳುನಾಡುಗಳಲ್ಲಿ ಹಲವು ದಶಕ ಹಿಡಿಯಿತು. ಅಷ್ಟು ಕಷ್ಟಪಟ್ಟು ತಿಳಿದ ಸಂಗತಿಯನ್ನು ಲಸಿಕೆ ಹಾಕಿಸುವ ತಾಯಂದಿರಿಗೆ ಹೇಳುವವರು ಮಾತ್ರ ಕಡಿಮೆ.

ಲಸಿಕೆ ಬರುವ ಮುಂಚೆ ಕುಷ್ಠರೋಗಿಯ ಮಗುವನ್ನು ಕಾಯುವುದೆಂದರೆ ತಾಯಿಯ ಮಡಿಲಿನಿಂದ ಎತ್ತಿಕೊಂಡು ಹೋಗುವುದೇ ಆಗಿತ್ತು. 1873ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಗೆರ್ಹಾರ್ಡ್ ಅರ್ಮಾವರ್ ಹ್ಯಾನ್ಸನ್ ಈ ರೋಗದ ಬ್ಯಾಕ್ಟೀರಿಯಾವನ್ನು ಗುರುತಿಸಿದ. ರೋಗ ವಂಶದಿಂದ ಬರುವುದಿಲ್ಲ, ಸೋಂಕಿನಿಂದ ಬರುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿತು. ಹಾಗಿದ್ದರೆ ಕೂಸು ಹುಟ್ಟುವಾಗ ರೋಗ ತರುವುದಿಲ್ಲ, ಆಮೇಲೆ ಹಿಡಿಯುತ್ತದೆ. ಬೇಗ ಬೇರೆ ಮಾಡಿದರೆ ಉಳಿಯುತ್ತದೆ. ತರ್ಕ ಸರಳವಾಗಿತ್ತು. ಅದರ ಬೆಲೆ ತೆತ್ತವರು ತಾಯಂದಿರು ಮತ್ತು ಮಕ್ಕಳು.

ಹವಾಯಿಯ ಕಲೌಪಾಪಾದಲ್ಲಿ ಹುಟ್ಟಿದ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಹೊರಗೆ ಕಳಿಸುತ್ತಿದ್ದರು; ಅಲ್ಲಿಯ ಪ್ರತ್ಯೇಕವಾಸದ ಕಾನೂನು ಹೋದದ್ದು 1969ರಲ್ಲಿ. 1906ರಲ್ಲಿ ರೋಗಿಗಳ ವಸಾಹತಾದ ಫಿಲಿಪ್ಪೀನ್ಸಿನ ಕುಲಿಯಾನ್ ದ್ವೀಪದಲ್ಲಿ ಶಿಶುಗಳಿಗೆಂದೇ ಬೇರೆ ಮನೆ ಇತ್ತು. ಬ್ರೆಜಿಲ್ ಇದನ್ನು ದೊಡ್ಡ ವ್ಯವಸ್ಥೆಯನ್ನಾಗಿಯೇ ಕಟ್ಟಿತು. ಕುಷ್ಠಾಶ್ರಮದಲ್ಲಿ ಹೆತ್ತ ತಾಯಿಗೆ ಕೂಸನ್ನು ಎದೆಗೊತ್ತಿಕೊಳ್ಳಲೂ ಬಿಡದೆ 'ಪ್ರಿವೆಂಟೋರಿಯೊ' ಎಂಬ ಅನಾಥಾಲಯಗಳಿಗೆ ಸಾಗಿಸುತ್ತಿದ್ದರು. ಆ ಹೆಸರಿನಲ್ಲೇ 'ತಡೆಗಟ್ಟುವಿಕೆ' ಇದೆ. ಹೀಗೆ ಬೇರ್ಪಟ್ಟ ಮಕ್ಕಳು ಹಣ್ಣುಕೂದಲಿನವರಾದ ಮೇಲೆ, 2023ರಲ್ಲಿ, ಅವರಿಗೂ ಪರಿಹಾರ ಕೊಡುವ ಕಾನೂನು ಬ್ರೆಜಿಲ್‌ನಲ್ಲಿ ಬಂತು.

ಭಾರತದಲ್ಲಿ 1898ರ ಕಾಯ್ದೆ ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಆಶ್ರಮಕ್ಕೆ ಸೇರಿಸಲು ಅಧಿಕಾರ ಕೊಟ್ಟಿತ್ತು. ಅದು ಪುಸ್ತಕದಿಂದ ಅಳಿಸಿಹೋದದ್ದು 2016ರಲ್ಲಿ. ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಾಲಯ ನಡೆಸುತ್ತಿದ್ದ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ 1890ರಲ್ಲಿ ತೆರೆದ ಕುಷ್ಠಾಶ್ರಮದಂಥವು ಹೊರದೂಡಲ್ಪಟ್ಟವರಿಗೆ ಸೂರು, ಅನ್ನ ಕೊಟ್ಟವು. ಉತ್ತರದಲ್ಲಿ ಮಿಷನರಿಗಳು ರೋಗಿಗಳ ಆರೋಗ್ಯವಂತ ಮಕ್ಕಳಿಗೆಂದು ಬೇರೆ ಮನೆಗಳನ್ನು ಕಟ್ಟಿ, ಅವರನ್ನು 'ಕಳಂಕ ತಟ್ಟದ ಮಕ್ಕಳು' ಎಂದು ಕರೆದರು. ಒಳ್ಳೆಯ ಮನಸ್ಸಿನಿಂದಲೇ ಇಟ್ಟ ಹೆಸರದು. ಆದರೂ ಆ ಹೆಸರು ಹೊತ್ತ ಮಗುವಿಗೆ ತನ್ನ ಅಪ್ಪ ಅಮ್ಮ ಯಾರೆಂದು ಅದು ದಿನವೂ ನೆನಪಿಸುತ್ತಿದ್ದಿರಬೇಕು.

ಮಕ್ಕಳನ್ನು ಬೇರಿಟ್ಟು ನೋಡಿದ ಇದೇ ಜಾಗಗಳಲ್ಲಿ ವೈದ್ಯರಿಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕುಲಿಯಾನ್‌ನಲ್ಲಿ ವೈದ್ಯ ಕ್ಯಾಸಿಮಿರೊ ಲಾರಾ ವರ್ಷಗಟ್ಟಲೆ ಮಕ್ಕಳ ಮೈಮೇಲಿನ ಮಚ್ಚೆಗಳನ್ನು ಗಮನಿಸುತ್ತ ಬಂದರು. ಎಳೆಯ ಮಕ್ಕಳಲ್ಲಿ ಕಾಣಿಸಿಕೊಂಡ ಮೊದಲ ಮಚ್ಚೆಗಳಲ್ಲಿ ಹೆಚ್ಚಿನವು ಯಾವ ಮದ್ದೂ ಇಲ್ಲದೆ ಮಾಸಿಹೋಗುತ್ತಿದ್ದವು. ಅಂದರೆ ಹೆಚ್ಚಿನ ಮೈಗಳು ಈ ರೋಗವನ್ನು ತಾವೇ ಎದುರಿಸಿ ಗೆಲ್ಲುತ್ತವೆ. ಸೋಲುವ ಮೈಗಳು ಕೆಲವೇ. ಆ ಕೆಲವಕ್ಕೆ ಮುಂಚೆಯೇ ಪಾಠ ಹೇಳಿಕೊಡಲು ಬರುತ್ತದೆಯೇ?

ಯಾವ ಮೈ ಎದುರಿಸುತ್ತದೆ, ಯಾವುದು ಎದುರಿಸುವುದಿಲ್ಲ ಎಂದು ನೋಡುವ ದಾರಿ ಜಪಾನಿನ ಕೆನ್ಸುಕೆ ಮಿತ್ಸುದಾ ಅವರಿಂದ 1919ರಲ್ಲೇ ಬಂದಿತ್ತು. ರೋಗಿಯ ಗಂಟನ್ನು ಕುದಿಸಿ ಅರೆದು ಮಾಡಿದ ದ್ರವ, ಅದೇ ಲೆಪ್ರೊಮಿನ್. ಅದನ್ನು ಚರ್ಮದೊಳಗೆ ಚುಚ್ಚಿ ಮೂರ್ನಾಲ್ಕು ವಾರ ಕಾಯುವುದು. ಗಂಟು ಎದ್ದರೆ ಆ ಮೈಗೆ ಹೋರಾಡುವ ಶಕ್ತಿ ಇದೆ ಎಂದರ್ಥ. (ಇದೇ ಮಿತ್ಸುದಾ ರೋಗಿಗಳನ್ನು ಬಲವಂತವಾಗಿ ಕೂಡಿಹಾಕುವುದನ್ನು ಜೀವನವಿಡೀ ಸಮರ್ಥಿಸಿದರು, ಆಶ್ರಮದಲ್ಲಿ ಮದುವೆಯಾಗುವ ಗಂಡಸರಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿದರು. ಈ ರೋಗದ ಚರಿತ್ರೆಯಲ್ಲಿ ಉಪಕಾರ, ಅಪಕಾರ ಎರಡೂ ಎಷ್ಟೋ ಸಲ ಒಂದೇ ಕೈಯಿಂದ ನಡೆದಿವೆ.) ಇಪ್ಪತ್ತು ವರ್ಷದ ಮೇಲೆ, 1939ರಲ್ಲಿ, ಅರ್ಜೆಂಟೀನಾದ ವೈದ್ಯ ಫರ್ನಾಂಡಿಸ್ ಲೆಪ್ರೊಮಿನ್‌ಗೆ ಪ್ರತಿಕ್ರಿಯೆ ತೋರದ ಆರೋಗ್ಯವಂತ ಮಕ್ಕಳಿಗೆ ಬಿಸಿಜಿ ಹಾಕಿ ಮತ್ತೆ ಪರೀಕ್ಷಿಸಿದರು. ಈ ಸಲ ಬಹುತೇಕ ಮಕ್ಕಳಲ್ಲಿ ಗಂಟು ಎದ್ದಿತು.

ಬಿಸಿಜಿಗೂ ಕುಷ್ಠಕ್ಕೂ ಅಲ್ಲಿಯವರೆಗೆ ಯಾವ ನಂಟೂ ಇರಲಿಲ್ಲ. ಫ್ರಾನ್ಸಿನ ಲೀಲ್ ಪಟ್ಟಣದಲ್ಲಿ ಆಲ್ಬರ್ಟ್ ಕಾಲ್ಮೆಟ್ ಮತ್ತು ಕಮೀಲ್ ಗೆರಾಂ ದನದ ಕ್ಷಯದ ಬ್ಯಾಕ್ಟೀರಿಯಾವನ್ನು ಪಿತ್ತರಸದಲ್ಲಿ ಬೇಯಿಸಿದ ಆಲೂಗಡ್ಡೆಯ ಮೇಲೆ ಹದಿಮೂರು ವರ್ಷ, 230 ಸಲ ಮರುಬಿತ್ತನೆ ಮಾಡಿ ಅದರ ಕೇಡಿನ ಹಲ್ಲನ್ನು ಕಿತ್ತಿದ್ದರು. 1921ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಮೊದಲು ಪಡೆದದ್ದು ಕ್ಷಯದಿಂದ ತಾಯಿಯನ್ನು ಕಳೆದುಕೊಂಡ ಒಂದು ಕೂಸು. ಭಾರತಕ್ಕೆ ಅದು ಬಂದದ್ದು 1948ರಲ್ಲಿ. ಕೋಲಾರದ ಗಡಿ ದಾಟಿದರೆ ಸಿಗುವ ಮದನಪಲ್ಲಿಯಲ್ಲಿ ಮೊದಲ ಪ್ರಯೋಗ ನಡೆದು, ಮದ್ರಾಸಿನ ಗಿಂಡಿಯಲ್ಲಿ ತಯಾರಿಕಾ ಪ್ರಯೋಗಾಲಯ ತೆರೆಯಿತು. 1955ರಲ್ಲಿ ರಾಜಾಜಿಯಂಥ ಹಿರಿಯರೇ ಬಿಸಿಜಿಯನ್ನು ಬಹಿರಂಗವಾಗಿ ವಿರೋಧಿಸಿದರು. ಆ ಜಗಳವೆಲ್ಲ ಕ್ಷಯದ ಸುತ್ತಲೇ ನಡೆಯಿತು.

ಕ್ಷಯದ ಲಸಿಕೆ ಕುಷ್ಠಕ್ಕೆ ಹೇಗೆ ತಾಗುತ್ತದೆ? ಎರಡೂ ರೋಗಗಳ ಬ್ಯಾಕ್ಟೀರಿಯಾ ಮೈಕೊಬ್ಯಾಕ್ಟೀರಿಯಾ ಎಂಬ ಒಂದೇ ಮನೆತನದವು, ದಾಯಾದಿಗಳು. ಒಬ್ಬನ ಮುಖಚಹರೆಯನ್ನು ನೆನಪಿಟ್ಟುಕೊಂಡ ದೇಹ ಇನ್ನೊಬ್ಬನನ್ನೂ ಗುರುತು ಹಿಡಿಯಬಹುದು. ಚರ್ಮದಲ್ಲಿ ಗಂಟು ಎದ್ದಿತೆಂದ ಮಾತ್ರಕ್ಕೆ ರೋಗ ತಪ್ಪಿತು ಎನ್ನಲಾಗದು. ಅದನ್ನು ಊರುಗಳಲ್ಲಿ, ಮಕ್ಕಳ ಮೇಲೆಯೇ, ವರ್ಷಗಟ್ಟಲೆ ಕಾದು ನೋಡಬೇಕಿತ್ತು. ಸೋಂಕು ತಗಲಿದ ಮೇಲೆ ಕುಷ್ಠ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷ ಬೇಕು.

ಆ ಕಾಯುವ ಕೆಲಸ 1960ರಲ್ಲಿ ಪೂರ್ವ ಉಗಾಂಡಾದ ಟೆಸೊ ಸೀಮೆಯಲ್ಲಿ ಶುರುವಾಯಿತು. ಟೆಸೊ ದನಕರುಗಳ, ಹತ್ತಿಯ, ಮತ್ತು ನಮ್ಮ ಬಯಲುಸೀಮೆಯಂತೆಯೇ ರಾಗಿಯ ನಾಡು. ವೈದ್ಯ ಕಿನಿಯರ್ ಬ್ರೌನ್ ಮತ್ತು ಅವರ ಸಹೋದ್ಯೋಗಿಗಳು ಕುಷ್ಠರೋಗಿಗಳ ಮನೆಯ, ನೆಂಟರ, ಒಡನಾಟದ ಮಕ್ಕಳನ್ನು ಹುಡುಕಿಕೊಂಡು ಹೋದರು. ಮೊದಲು, ಮೈ ಕ್ಷಯದ ಬ್ಯಾಕ್ಟೀರಿಯಾವನ್ನು ಈಗಾಗಲೇ ಕಂಡಿದೆಯೇ ಎಂದು ನೋಡುವ ಟ್ಯೂಬರ್ಕ್ಯುಲಿನ್ ಪರೀಕ್ಷೆ. ಅದಕ್ಕೆ ಪ್ರತಿಕ್ರಿಯೆ ತೋರದ ಅಥವಾ ಸ್ವಲ್ಪವೇ ತೋರಿದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಬಿಸಿಜಿ. ಉಳಿದ ಅರ್ಧಕ್ಕೆ ಇಲ್ಲ. ಹದಿನಾರು ಸಾವಿರಕ್ಕೂ ಹೆಚ್ಚು ಮಕ್ಕಳು. ಆಮೇಲೆ ವರ್ಷಗಳ ಕಾಲ ಅದೇ ಮಕ್ಕಳನ್ನು ಮತ್ತೆ ಮತ್ತೆ ಹುಡುಕಿ, ಬಟ್ಟೆ ಬಿಚ್ಚಿಸಿ, ಮೈಯೆಲ್ಲ ಮಚ್ಚೆಗಾಗಿ ತಡಕುವುದು. 1966ರಲ್ಲಿ ಮೊದಲ ಫಲಿತಾಂಶ ಹೊರಬಂತು: ಲಸಿಕೆ ಪಡೆದವರಲ್ಲಿ ಕುಷ್ಠ ಸುಮಾರು ಶೇ. 80ರಷ್ಟು ಕಡಿಮೆ.

ಶತಮಾನಗಳಿಂದ ಬರೀ ಗಡಿಪಾರನ್ನೇ ಕಂಡಿದ್ದ ರೋಗಕ್ಕೆ ಇದು ಎಂಥ ಸುದ್ದಿ ಎಂದು ಯೋಚಿಸಬೇಕು. ತಾಯಿಯಿಂದ ಮಗುವನ್ನು ಕಿತ್ತುಕೊಳ್ಳುವುದು ಬೇಡ. ತೋಳಿಗೊಂದು ಸೂಜಿ ಸಾಕು.

ಅಷ್ಟರಲ್ಲಿ ಬರ್ಮಾದಿಂದ ಬೇರೆ ಮಾತು ಬಂತು. ವಿಶ್ವ ಆರೋಗ್ಯ ಸಂಸ್ಥೆ 1964ರಿಂದ ಮಾಂಡಲೆ ಸಮೀಪದ ಸಿಂಗು ಪ್ರದೇಶದಲ್ಲಿ ಹದಿನಾಲ್ಕು ವರ್ಷದೊಳಗಿನ ಸಾವಿರಾರು ಮಕ್ಕಳ ಮೇಲೆ ಇದೇ ಪ್ರಯೋಗ ನಡೆಸಿತ್ತು. ಅಲ್ಲಿ ರಕ್ಷಣೆ ಶೇ. 20ರ ಆಸುಪಾಸು, ತೀರ ಎಳೆಯ ಮಕ್ಕಳಲ್ಲಿ ಅದಕ್ಕಿಂತ ವಾಸಿ. ಪಪುವಾ ನ್ಯೂಗಿನಿಯ ಕರಿಮುಯಿ ಪ್ರದೇಶದಲ್ಲಿ ಇವೆರಡರ ನಡುವೆ, ಅರ್ಧಕ್ಕೆ ಹತ್ತಿರ. ಲಸಿಕೆ ಒಂದೇ, ರೋಗ ಒಂದೇ, ಫಲ ಮಾತ್ರ ಊರಿಗೊಂದು. ಲಸಿಕೆಯ ತಳಿಗಳು ಬೇರೆ ಎಂದರು ಕೆಲವರು. ಟೆಸೊದಲ್ಲಿ ಕಂಡದ್ದು ಹೆಚ್ಚಾಗಿ ಸೌಮ್ಯ ರೂಪದ ಕುಷ್ಠ ಎಂದರು ಇನ್ನು ಕೆಲವರು. ಹೆಚ್ಚು ಜನ ಒಪ್ಪಿದ ವಿವರಣೆ ಮಣ್ಣು, ನೀರಿನದು. ಅಲ್ಲೆಲ್ಲ ಇರುವ ನಿರುಪದ್ರವಿ ಮೈಕೊಬ್ಯಾಕ್ಟೀರಿಯಾಗಳನ್ನು ಮಗು ಬೆಳೆಯುತ್ತ ಬೆಳೆಯುತ್ತ ಎದುರುಗೊಂಡೇ ಇರುತ್ತದೆ. ಆ ಪರಿಚಯ ಹೆಚ್ಚಿರುವ ಕಡೆ ಬಿಸಿಜಿಗೆ ಹೊಸದಾಗಿ ಕಲಿಸಲು ಹೆಚ್ಚೇನೂ ಉಳಿದಿರುವುದಿಲ್ಲ.

ಈ ಗೊಂದಲ ಅತಿ ದೊಡ್ಡದಾಗಿ ಕಂಡದ್ದು ನಮ್ಮ ನೆರೆಯಲ್ಲೇ, ಚೆಂಗಲ್ಪಟ್ಟಿನಲ್ಲಿ. ಆ ಜಿಲ್ಲೆಗೆ ಕುಷ್ಠರೋಗ ಹೊಸದಲ್ಲ. ಅಲ್ಲಿಯ ತಿರುಮಣಿ ಗ್ರಾಮದಲ್ಲಿದ್ದ ಲೇಡಿ ವಿಲ್ಲಿಂಗ್ಡನ್ ಆಶ್ರಮದಲ್ಲಿ ಕುಷ್ಠರೋಗ ತಜ್ಞ ರಾಬರ್ಟ್ ಕಾಕ್ರೇನ್ ದುಡಿದಿದ್ದರು. 1955ರಲ್ಲಿ ಅದು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಾಯಿತು. 1968ರಿಂದ ಅದೇ ಜಿಲ್ಲೆಯ ಇನ್ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಜಗತ್ತಿನ ಅತಿ ದೊಡ್ಡ ಬಿಸಿಜಿ ಪ್ರಯೋಗ ನಡೆಯಿತು. ಉದ್ದೇಶ ಕ್ಷಯ. 1979ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ದಂಗುಬಡಿಸಿತು: ಶ್ವಾಸಕೋಶದ ಕ್ಷಯದಿಂದ ಬಿಸಿಜಿ ಏನೂ ರಕ್ಷಣೆ ಕೊಟ್ಟಿರಲಿಲ್ಲ. ಆದರೆ ಅದೇ ಜನರನ್ನು ಕುಷ್ಠರೋಗಕ್ಕಾಗಿಯೂ ತಪಾಸಣೆ ಮಾಡುತ್ತಿದ್ದರು. ಅಲ್ಲಿ ಸಣ್ಣದೇ ಆದರೂ ರಕ್ಷಣೆ ಕಾಣಿಸಿತು. ಯಾವ ರೋಗಕ್ಕೆಂದು ಹಾಕಿದರೋ ಅಲ್ಲಿ ಸೋತು, ಮುಖ್ಯ ಉದ್ದೇಶವಲ್ಲದ ಕಡೆ ಅಷ್ಟಿಷ್ಟು ಗೆದ್ದಿತ್ತು. ಮುಂದೆ ಆಫ್ರಿಕಾದ ಮಲಾವಿಯಲ್ಲೂ ಇದೇ ಕತೆ ನಡೆಯಿತು. ಕರೋಂಗಾ ಜಿಲ್ಲೆಯಲ್ಲಿ ಎರಡನೇ ಸಲ ಬಿಸಿಜಿ ಪಡೆದವರಲ್ಲಿ ಕುಷ್ಠ ಅರ್ಧದಷ್ಟು ಇಳಿಯಿತು, ಕ್ಷಯ ಇಳಿಯಲಿಲ್ಲ.

ಕುಷ್ಠಕ್ಕೆಂದೇ ಲಸಿಕೆ ಮಾಡಬಾರದೇಕೆ? ಮಾಡಲು ಅದರ ಬ್ಯಾಕ್ಟೀರಿಯಾ ಬೇಕು. ಅದು ಗಾಜಿನ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಹ್ಯಾನ್ಸನ್ ಕಂಡು ಒಂದೂವರೆ ಶತಮಾನ ಕಳೆದರೂ ಯಾರಿಗೂ ಬೆಳೆಸಲು ಆಗಿಲ್ಲ. ಒಂದು ಎರಡಾಗಲು ಅದಕ್ಕೆ ಎರಡು ವಾರದಷ್ಟು ಹೊತ್ತು ಬೇಕು, ತಂಪಾದ ಮೈ ಬೇಕು. 1971ರಲ್ಲಿ ಅಮೆರಿಕದಲ್ಲಿ ಕಿರ್ಚ್‌ಹೈಮರ್ ಮತ್ತು ಎಲೀನರ್ ಸ್ಟಾರ್ಸ್ ಅಂಥ ಒಂದು ಮೈಯನ್ನು ಕಂಡುಕೊಂಡರು: ಆರ್ಮಡಿಲೊ, ನಮ್ಮ ಚಿಪ್ಪುಹಂದಿಯಂತೆ ಮೈತುಂಬ ಕವಚ ಹೊತ್ತ ಪ್ರಾಣಿ. ಅದರ ದೇಹದ ಬಿಸಿ ಮನುಷ್ಯನದಕ್ಕಿಂತ ಕಡಿಮೆ. ಬ್ಯಾಕ್ಟೀರಿಯಾ ಅಲ್ಲಿ ಧಾರಾಳವಾಗಿ ಬೆಳೆಯಿತು. ವೆನೆಜುವೆಲಾದ ಹಾಸಿಂಟೊ ಕೊನ್ವಿಟ್ ಅದನ್ನು ಬಿಸಿಯಲ್ಲಿ ಕೊಂದು, ಬಿಸಿಜಿಯೊಂದಿಗೆ ಬೆರೆಸಿ, ರೋಗಿಗಳ ಒಡನಾಟದಲ್ಲಿದ್ದ ಸುಮಾರು 29 ಸಾವಿರ ಜನರಲ್ಲಿ ಪರೀಕ್ಷಿಸಿದರು. 1992ರ ಫಲಿತಾಂಶದಲ್ಲಿ ಬೆರಕೆ ಲಸಿಕೆ ಬರಿಯ ಬಿಸಿಜಿಗಿಂತ ಹೆಚ್ಚೇನೂ ಮಾಡಿರಲಿಲ್ಲ.

ಭಾರತದ ವಿಜ್ಞಾನಿಗಳು ಹಿಡಿದ ದಾರಿ ಬೇರೆ. ಬೆಳೆಯದ ಬ್ಯಾಕ್ಟೀರಿಯಾದ ಬೆನ್ನು ಹತ್ತುವ ಬದಲು ಅದನ್ನು ಹೋಲುವ, ಪ್ರಯೋಗಾಲಯದಲ್ಲಿ ಸುಲಭವಾಗಿ ಬೆಳೆಯುವ ದಾಯಾದಿಗಳನ್ನು ಹುಡುಕಿದರು. ಮುಂಬೈಯ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ 1958ರಲ್ಲೇ ಒಬ್ಬ ಕುಷ್ಠರೋಗಿಯ ಗಂಟಿನಿಂದ ಅಂಥದೊಂದನ್ನು ಬೆಳೆಸಿದ್ದರು. ಕ್ಯಾನ್ಸರ್ ಕೇಂದ್ರಕ್ಕೂ ಕುಷ್ಠಕ್ಕೂ ಏನು ಸಂಬಂಧವೆಂದರೆ, ಅದನ್ನು ಕಟ್ಟಿದ ವಿ.ಆರ್. ಖಾನೋಲ್ಕರ್‌ಗೆ ಎರಡೂ ರೋಗಗಳಲ್ಲಿ ಸಮನಾದ ಆಸಕ್ತಿಯಿತ್ತು. ಕೇಂದ್ರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಬ್ಯಾಕ್ಟೀರಿಯಾದ ಹೆಸರಾಗಿ ಐಸಿಆರ್‌ಸಿ ಆಯಿತು. ಅದರಿಂದ ಲಸಿಕೆ ಮಾಡಿದವರು ಎಂ.ಜಿ. ದೇವ್. ದೆಹಲಿಯಲ್ಲಿ ಜಿ.ಪಿ. ತಲ್ವಾರ್ ಅವರ ತಂಡ ಹಲವು ಮೈಕೊಬ್ಯಾಕ್ಟೀರಿಯಾಗಳನ್ನು ಜಾಲಾಡಿ ಇನ್ನೊಂದನ್ನು ಆರಿಸಿತು. ಆಗ ಅದನ್ನು ಕರೆಯುತ್ತಿದ್ದದ್ದು ಎಂಡಬ್ಲ್ಯು ಎಂದು. ಆಮೇಲೆ ಸಿಕ್ಕ ಪೂರ್ಣ ಹೆಸರು ಮೈಕೊಬ್ಯಾಕ್ಟೀರಿಯಂ ಇಂಡಿಕಸ್ ಪ್ರಾನಿ. ಅದರಲ್ಲಿ ಭಾರತವೂ ಇದೆ, ಪ್ರಾಣ್ ತಲ್ವಾರ್ ಅವರ ಹೆಸರೂ ಇದೆ.

1991ರಲ್ಲಿ ಇವೆಲ್ಲವನ್ನೂ ಒಂದೇ ಕಣಕ್ಕೆ ಇಳಿಸಿದ್ದು ಮತ್ತೆ ಚೆಂಗಲ್ಪಟ್ಟೇ. ಎಂ.ಡಿ. ಗುಪ್ತೆ ಅವರ ನೇತೃತ್ವದಲ್ಲಿ 1,71,400 ಜನರಿಗೆ, ಒಂದು ವರ್ಷದ ಮಕ್ಕಳಿಂದ ಅರವತ್ತೈದರ ಮುದುಕರವರೆಗೆ, ಐದರಲ್ಲಿ ಒಂದು ಮದ್ದು ಕೊಡಲಾಯಿತು: ಬಿಸಿಜಿ, ಬಿಸಿಜಿಯೊಂದಿಗೆ ಸತ್ತ ಕುಷ್ಠ ಬ್ಯಾಕ್ಟೀರಿಯಾ, ಐಸಿಆರ್‌ಸಿ, ಎಂಡಬ್ಲ್ಯು, ಇಲ್ಲವೇ ಬರಿ ಉಪ್ಪುನೀರು. ಯಾರಿಗೆ ಯಾವುದೆಂದು ಪಡೆದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಮೊದಲ ಮರುಸಮೀಕ್ಷೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡನೆಯದರಲ್ಲಿ ಚಿತ್ರ ತಿಳಿಯಾಯಿತು. ಐಸಿಆರ್‌ಸಿಯಿಂದ ಶೇ. 65.5, ಬೆರಕೆ ಲಸಿಕೆಯಿಂದ ಶೇ. 64, ಬಿಸಿಜಿಯಿಂದ ಶೇ. 34.1, ಎಂಡಬ್ಲ್ಯುವಿನಿಂದ ಶೇ. 25.7 ರಕ್ಷಣೆ. ವೆನೆಜುವೆಲಾದಲ್ಲಿ ಸೋತ ಬೆರಕೆ ಇಲ್ಲಿ ಗೆದ್ದಿತ್ತು. ಇಲ್ಲಿ ಕೊನೆಗುಳಿದ ಎಂಡಬ್ಲ್ಯು ಉತ್ತರ ಪ್ರದೇಶದ ಘಾಟಂಪುರದಲ್ಲಿ ರೋಗಿಗಳ ಮನೆಯವರಿಗೆ ಮೊದಲ ಮೂರು ವರ್ಷ ಶೇ. 68ರಷ್ಟು ರಕ್ಷಣೆ ಕೊಟ್ಟು, ಒಂಬತ್ತನೇ ವರ್ಷದ ಹೊತ್ತಿಗೆ ಶೇ. 39ಕ್ಕೆ ಇಳಿಯಿತು.

ಚೆಂಗಲ್ಪಟ್ಟಿನ ಫಲಿತಾಂಶ 1998ರಲ್ಲಿ ಅಚ್ಚಾಯಿತು. ಲಸಿಕೆಯ ದುರದೃಷ್ಟವೆಂದರೆ, ಅಷ್ಟರಲ್ಲಿ ಜನರ ಬದುಕಿಗೆ ಅದೃಷ್ಟ ಬೇರೆ ಬಾಗಿಲಿಂದ ಬಂದಿತ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಬಹುಔಷಧ ಚಿಕಿತ್ಸೆ, ಪಟ್ಟಿಗಳಲ್ಲಿ ಜೋಡಿಸಿ ಉಚಿತವಾಗಿ ಕೊಡುವ ಆ ಗುಳಿಗೆಗಳು, ಆರು ತಿಂಗಳಿಂದ ಎರಡು ವರ್ಷದೊಳಗೆ ರೋಗವನ್ನು ವಾಸಿ ಮಾಡುತ್ತಿದ್ದವು. ಭಾರತದಲ್ಲಿ ಹತ್ತು ಸಾವಿರಕ್ಕೆ 57.6 ಇದ್ದ ರೋಗಿಗಳ ಪ್ರಮಾಣ 2005ರ ಕೊನೆಗೆ ಒಂದಕ್ಕಿಂತ ಕೆಳಗಿಳಿಯಿತು. ಇಳಿಯುತ್ತಿರುವ ರೋಗಕ್ಕೆ ಹೊಸ ಲಸಿಕೆಯನ್ನು ದೇಶವೆಲ್ಲ ಹಾಕಲು ಹಣವನ್ನೂ ಉತ್ಸಾಹವನ್ನೂ ಯಾರು ಒದಗಿಸುತ್ತಾರೆ? ಪ್ರಯೋಗದಾಚೆ ಐಸಿಆರ್‌ಸಿ ಮಕ್ಕಳ ತೋಳಿನವರೆಗೆ ಬರಲೇ ಇಲ್ಲ. ಶೇ. 65ರ ರಕ್ಷಣೆ ತೋರಿಸಿದ ಸ್ವದೇಶಿ ಲಸಿಕೆ ವರದಿಯೊಳಗೇ ಉಳಿದುಹೋದದ್ದು ನಮ್ಮ ಆರೋಗ್ಯ ಚರಿತ್ರೆಯ ನಿಜವಾದ ನಷ್ಟಗಳಲ್ಲೊಂದು. ಏಕೆಂದರೆ ರೋಗ ಇಳಿದದ್ದು ನಿಜ, ಹೋಗಲಿಲ್ಲ. ಈಗಲೂ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಾರೆ. ಅವರಲ್ಲಿ ಮಕ್ಕಳೂ ಇದ್ದಾರೆ. ಮಗುವಿನ ಮೈಯಲ್ಲಿ ಕುಷ್ಠ ಕಂಡಿತೆಂದರೆ ಆ ಓಣಿಯಲ್ಲೋ ಮನೆಯಲ್ಲೋ ಯಾರಿಂದಲೋ ಅದು ಇತ್ತೀಚೆಗಷ್ಟೇ ಹರಡಿದೆ ಎಂದರ್ಥ.

ಹೀಗಾಗಿ ಕೆಲಸ ಮತ್ತೆ ಹಳೆಯ ಬಿಸಿಜಿಯ ಹೆಗಲಿಗೇ ಬಿತ್ತು. ಕುಷ್ಠ ಹೆಚ್ಚಿರುವ ನಾಡುಗಳಲ್ಲಿ ಹುಟ್ಟುತ್ತಲೇ ಬಿಸಿಜಿ ಮುಂದುವರಿಯಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಒಂದು ಕಾಲಕ್ಕೆ ಮಕ್ಕಳನ್ನು ಪ್ರಿವೆಂಟೋರಿಯೊಗಳಿಗೆ ಸಾಗಿಸಿದ ಬ್ರೆಜಿಲ್ ಈಗ ರೋಗಿಯ ಮನೆಯವರ ತೋಳಿನ ಗುರುತುಗಳನ್ನು ಎಣಿಸುತ್ತದೆ. ಗುರುತು ಇಲ್ಲದಿದ್ದರೆ, ಅಥವಾ ಒಂದೇ ಇದ್ದರೆ, ಬಿಸಿಜಿಯ ಒಂದು ಡೋಸ್, ಎರಡಿದ್ದರೆ ಬೇಡ. ಮನೌಸ್‌ನ ಶಾಲಾಮಕ್ಕಳಿಗೆಲ್ಲ ಎರಡನೇ ಡೋಸ್ ಕೊಟ್ಟು ನೋಡಿದಾಗ ಹೆಚ್ಚಿನ ಲಾಭ ಸಿಗಲಿಲ್ಲ. ಹುಟ್ಟಿದಾಗಿನ ಮೊದಲ ಡೋಸೇ ಕೆಲಸ ಮಾಡಿತ್ತು. ಭಾರತದಲ್ಲಿ ಲಸಿಕೆಯ ಜೊತೆಗೆ, ಹೊಸ ರೋಗಿಯ ಒಡನಾಟದವರಿಗೆ ರಿಫಾಂಪಿಸಿನ್ ಗುಳಿಗೆಯ ಒಂದೇ ಡೋಸ್ ಕೊಡುವ ಕ್ರಮ ಬಂದಿದೆ. ಅಮೆರಿಕದ ಸಿಯಾಟಲ್‌ನಲ್ಲಿ 2002ರಲ್ಲಿ ಆರಂಭವಾದ ಕೆಲಸದಿಂದ ಕುಷ್ಠಕ್ಕೆಂದೇ ಹೊಸ ಲಸಿಕೆಯೊಂದು, ಲೆಪ್‌ವ್ಯಾಕ್ಸ್, ರೂಪುಗೊಂಡು ಆರೋಗ್ಯವಂತ ವಯಸ್ಕರಲ್ಲಿ ಮೊದಲ ಹಂತದ ಪರೀಕ್ಷೆ ಮುಗಿಸಿದೆ.

ಕರ್ನಾಟಕದ ಹಳ್ಳಿಗಳಲ್ಲಿ ಮನೆಮನೆಗೆ ಕುಷ್ಠರೋಗದ ತಪಾಸಣೆಗೆ ಬರುವವರು ಮೈಮೇಲೆ ಹುಡುಕುವುದು ಇನ್ನೊಂದು ಬಗೆಯ ಗುರುತನ್ನು: ಸುತ್ತಲಿನ ಚರ್ಮಕ್ಕಿಂತ ತಿಳಿಯಾದ, ಇಲ್ಲವೇ ತಾಮ್ರದ ಬಣ್ಣದ, ತುರಿಕೆ ನೋವು ಯಾವುದೂ ಇಲ್ಲದ ಮಚ್ಚೆ. ನೋವಿಲ್ಲ ಎಂಬ ಕಾರಣಕ್ಕೇ ಮನೆಯವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಅಂಥದು ಕಂಡರೆ ಮಗುವನ್ನು ಬೆಳಕಿಗೆ ಕೂರಿಸಿ, ಮೊದಲು ಕಣ್ಣು ತೆರೆದಿರುವಾಗಲೇ ಪೆನ್ನಿನ ತುದಿಯಿಂದ ಮೆಲ್ಲಗೆ ಮುಟ್ಟಿ, ಮುಟ್ಟಿದ ಕಡೆ ಬೆರಳಿಡಲು ಹೇಳಿಕೊಡುತ್ತಾರೆ. ಮಗುವಿಗೆ ಅದು ಆಟ. ಆಮೇಲೆ ಕಣ್ಣು ಮುಚ್ಚಿಸುತ್ತಾರೆ. ಪೆನ್ನು ಮೊಣಕೈಗೆ ತಾಗುತ್ತದೆ, ಬೆರಳು ಮೊಣಕೈಗೆ ಬರುತ್ತದೆ. ಎಡತೋಳಿನ ಬಿಸಿಜಿ ಗುರುತಿಗೆ ತಾಗುತ್ತದೆ, ಬೆರಳು ಅಲ್ಲಿಗೂ ಬರುತ್ತದೆ. ಪೆನ್ನು ಮಚ್ಚೆಯ ನಡುವಿಗೆ ಹೋಗುತ್ತದೆ. ತಾಯಿ ಮಗುವಿನ ಬೆರಳನ್ನೇ ನೋಡುತ್ತ ನಿಂತಿರುತ್ತಾಳೆ.